ಒರೆ ಹೊಲಿಯಲು ಕಲಿತದ್ದು

ಚಾಕುವಿನ ಒರೆ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಚಾಕುವನ್ನು ಒಳಗಿಳಿಸಿ, ಕೆಳಗೆ ಯಾರ ಕಾಲೂ ಇಲ್ಲದ ಕಡೆ ಒರೆಯನ್ನು ತಲೆಕೆಳಗು ಮಾಡಿ ಜಾಡಿಸಬೇಕು. ಚಾಕು ಬೀಳಬಾರದು. ಆಮೇಲೆ ಹಿಡಿಕೆಗೆ ಕೈಹಾಕಿ, ಹೆಬ್ಬೆರಳಿನಿಂದ ಒರೆಯ ಬಾಯಿಯನ್ನು ಒತ್ತಿ ಎಳೆದರೆ ಸಲೀಸಾಗಿ ಹೊರಬರಬೇಕು. ಟಿಚ್ ಬಟನ್ ಬೇಡ, ಕಟ್ಟುವ ಪಟ್ಟಿ ಬೇಡ. ತೊಗಲು ತಾನಾಗಿ ಹಿಡಿದುಕೊಳ್ಳಬೇಕು, ತಾನಾಗಿ ಬಿಡಬೇಕು. ಆ ಹಿಡಿತ ಎಲ್ಲಿಂದ ಬರುತ್ತದೆ ಎಂದು ನಾನು ಕಲಿತದ್ದು ಅಥಣಿಯಲ್ಲಿ, ಚಪ್ಪಲಿ ಹೊಲಿಯುವ ಸಮಗಾರರ ಮನೆಯೊಂದರ ಪಡಸಾಲೆಯಲ್ಲಿ.

ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಾಡು ಸುತ್ತುವವರಿಗೆ ಚಾಕು ಬೇಕೇ ಬೇಕು: ಟೊಂಗೆ ಕೊಯ್ಯಲು, ತೊಗಟೆ ಕೆರೆದು ನೋಡಲು, ಗಡ್ಡೆ ಅಗೆಯಲು. ಪರಿಚಯದ ಕಂಬಾರರೊಬ್ಬರು ಲಾರಿಯ ಕಮಾನುಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನಾಲ್ಕೂವರೆ ಇಂಚಿನ ಅಲಗಿನ ಚಾಕು ಮಾಡಿಕೊಟ್ಟರು. ಬೆನ್ನು 4 ಮಿಲಿಮೀಟರ್ ದಪ್ಪ. ಹಿಡಿಕೆ ಜಾಲಿಮರದ್ದು, ನಡುವೆ ಸ್ವಲ್ಪ ಉಬ್ಬಿ ಅಂಗೈ ತುಂಬುವಂಥದ್ದು. ಕಮಾನುಪಟ್ಟಿಯ ಉಕ್ಕು ಗಟ್ಟಿ, ಹರಿತವನ್ನು ಬೇಗ ಬಿಟ್ಟುಕೊಡುವುದಿಲ್ಲ. ಆದರೆ ತುಕ್ಕು ಹಿಡಿಯುತ್ತದೆ. ಅಷ್ಟು ಹರಿತದ ಚಾಕುವನ್ನು ಗೋಣಿಪಟ್ಟಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಓಡಾಡುವುದು ಚೀಲಕ್ಕೂ ಅಪಾಯ, ಚೀಲಕ್ಕೆ ಕೈಹಾಕುವವರಿಗೂ ಅಪಾಯ.

ನಮ್ಮ ಕಡೆ ಕಂಬಾರರು ಒರೆ ಕೊಡುವುದಿಲ್ಲ. ಕೊಡುವ ರೂಢಿಯೂ ಇಲ್ಲ. ಕುಡುಗೋಲು ಮನೆಯ ಸೂರಿನಲ್ಲಿ ಸಿಕ್ಕಿಕೊಂಡಿರುತ್ತದೆ, ಹೊಲಕ್ಕೆ ಹೋಗುವಾಗ ಕೈಗೆ ಬರುತ್ತದೆ. ಉತ್ತರ ಕನ್ನಡದ ತೋಟಗಳಲ್ಲಿ ಸೊಂಟದ ಹಿಂದೆ ಮರದ ಕೊಕ್ಕೆ ಕಟ್ಟಿಕೊಂಡು ಅದರಲ್ಲಿ ಕತ್ತಿ ಸಿಕ್ಕಿಸುತ್ತಾರೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒದ್ದೆಯಾಗಿರುವ ನಾಡಿನಲ್ಲಿ ಅದು ಬಹಳ ವಿವೇಕದ ಏರ್ಪಾಡು: ಅಲಗಿಗೆ ಗಾಳಿಯಾಡುತ್ತದೆ, ಬೂಸಲು ಹಿಡಿಯಲು ತೊಗಲೇ ಇಲ್ಲ. ಕೊಡಗಿನ ಪೀಚೆಕತ್ತಿಗೆ ಮರದ ಒರೆಯಿದೆ, ಅದರ ಮೇಲೆ ಬೆಳ್ಳಿಯ ಕೆಲಸ. ನೇಪಾಳದ ಖುಕುರಿಯ ಒರೆ ಒಳಗೆ ಮರ, ಹೊರಗೆ ತೊಗಲು. ಅಲ್ಲಿ ಅಲಗು ಬಡಿಯುವವರು ಕಾಮಿಗಳು, ಒರೆಗೆ ತೊಗಲು ಹೊದಿಸುವವರು ಸಾರ್ಕಿಗಳು. ಎರಡು ಕಸುಬುಗಳ ಕೈ ಸೇರಿದ ಮೇಲೆಯೇ ಒಂದು ಖುಕುರಿ ಪೂರ್ತಿಯಾಗುತ್ತದೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ ಮನುಷ್ಯದೇಹದ ಜೊತೆ ಒಂದು ಕಲ್ಲಿನ ಚೂರಿಯಿತ್ತು. ಅದಕ್ಕೂ ಮರದ ನಾರಿನಿಂದ ಹೆಣೆದ ಒರೆಯಿತ್ತು. ಹರಿತವಾದದ್ದನ್ನು ಮೈಮೇಲೆ ಇಟ್ಟುಕೊಳ್ಳುವ ಮೊದಲು ಅದಕ್ಕೊಂದು ಮನೆ ಮಾಡಬೇಕೆಂದು ಮನುಷ್ಯನಿಗೆ ಬಲು ಹಿಂದೆಯೇ ಹೊಳೆದಿತ್ತು.

ನಾನು ಅಥಣಿಗೆ ಹೋದದ್ದು ತೊಗಲನ್ನು ಹುಡುಕಿಕೊಂಡು. ಎಲ್ಲ ತೊಗಲಿನಿಂದಲೂ ಒರೆ ಆಗುವುದಿಲ್ಲ. ಇಂದು ಜಗತ್ತಿನಲ್ಲಿ ತಯಾರಾಗುವ ಚರ್ಮದ ಬಹುಪಾಲು ಕ್ರೋಮಿಯಂ ಲವಣದಿಂದ ಹದಗೊಂಡದ್ದು. ಬೂಟು, ಬ್ಯಾಗು, ಜಾಕೆಟ್ಟುಗಳ ಮೆತ್ತನೆಯ ಚರ್ಮ ಅದು. ಹದವಾಗಲು ವಾರಗಟ್ಟಲೆ ಕಾಯಬೇಕಿಲ್ಲ, ನೀರಿಗೆ ಹೆದರುವುದಿಲ್ಲ. ಮದರಾಸು ಪ್ರಾಂತ್ಯದಲ್ಲಿ 20ನೇ ಶತಮಾನದ ಆರಂಭದಲ್ಲಿ ಈ ವಿಧಾನವನ್ನು ಬಳಕೆಗೆ ತಂದ ಆಲ್‌ಫ್ರೆಡ್ ಚಾಟರ್ಟನ್ ಮುಂದೆ ನಮ್ಮ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರೂ ಆಗಿದ್ದರು. ಆದರೆ ಕ್ರೋಮ್ ಚರ್ಮವನ್ನು ನೆನೆಸಿ ಚಾಕುವಿನ ಸುತ್ತ ಒತ್ತಿದರೆ, ಒಣಗುವ ಹೊತ್ತಿಗೆ ಅದು ಮತ್ತೆ ತನ್ನ ಮೊದಲಿನ ಆಕಾರಕ್ಕೇ ಹೋಗುತ್ತದೆ. ಅದರಲ್ಲಿ ಉಳಿದ ಲವಣಗಳು ಉಕ್ಕಿಗೂ ಒಳ್ಳೆಯದಲ್ಲ. ಒರೆಗೆ ಬೇಕಾದದ್ದು ಗಿಡಮರಗಳ ರಸದಲ್ಲಿ ಹದಗೊಂಡ ತೊಗಲು.

ಇಲ್ಲಿ ನನ್ನ ಓದಿನ ವಿಷಯ ನೇರವಾಗಿ ಕೂಡಿಕೊಂಡಿತು. ಅಥಣಿಯಲ್ಲಿ ಹೊಲಿಯುವ, ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ತೊಗಲನ್ನು ಸಾಂಪ್ರದಾಯಿಕವಾಗಿ ಹದ ಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ. ಸುಣ್ಣದ ತೊಟ್ಟಿಯಲ್ಲಿ ನೆನೆಸಿ ಕೂದಲು ತೆಗೆದ ಹಸಿದೊಗಲನ್ನು ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ತೊಗಟೆಯ ಕಷಾಯ ತುಂಬುತ್ತಾರೆ. ಅದು ಜಿನುಗಿ ಜಿನುಗಿ ತೊಗಲಿನ ಎಳೆಎಳೆಗೂ ಇಳಿಯುತ್ತದೆ. ಈ ಕೆಲಸ ಹೆಚ್ಚಾಗಿ ಢೋರ ಸಮುದಾಯದವರದು, ಚಪ್ಪಲಿ ಹೊಲಿಯುವುದು ಸಮಗಾರರದು. ಅಳಲೆಕಾಯಿ ಕಚ್ಚಿದವರಿಗೆ ಗೊತ್ತು, ಬಾಯೆಲ್ಲ ಒಗರಾಗಿ ನಾಲಿಗೆ ಬಿಗಿಯುತ್ತದೆ. ಅಳಲೆಯ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಗಟ್ಟಿ ಮಾಡುವುದರಿಂದ ಹಾಗಾಗುತ್ತದೆ. ತೊಗಲಿನ ಕೊಲಾಜೆನ್ ಎಂಬ ಪ್ರೋಟೀನಿಗೂ ಅದೇ ಟ್ಯಾನಿನ್ ಅಂಟುತ್ತದೆ, ಕೊಳೆಯುವ ವಸ್ತು ಕೊಳೆಯದಂತಾಗುತ್ತದೆ. ಮರ ಈ ರಸವನ್ನು ತಯಾರಿಸುವುದು ತನ್ನನ್ನು ಮೇಯುವ ಪ್ರಾಣಿ, ಕೊರೆಯುವ ಹುಳ, ಹತ್ತುವ ಬೂಸಲಿನಿಂದ ಪಾರಾಗಲು. ತರಗತಿಯಲ್ಲಿ ಟ್ಯಾನಿನ್ ಬಗ್ಗೆ ಎಷ್ಟೋ ವರ್ಷ ಪಾಠ ಮಾಡಿದ್ದೆ. ಅದರ ಬಲ ಎಷ್ಟೆಂದು ಕೈಗೆ ತಿಳಿದದ್ದು ಆ ಪಡಸಾಲೆಯಲ್ಲಿ, 3 ಮಿಲಿಮೀಟರ್ ದಪ್ಪದ ಕಂದು ತೊಗಲನ್ನು ಬಗ್ಗಿಸಲು ನೋಡಿದಾಗ.

ನನಗೆ ಕಲಿಸಿದವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಅವರು ಜೀವಮಾನವೆಲ್ಲ ಹೊಲಿದದ್ದು ಚಪ್ಪಲಿ. ಅವರ ತಂದೆ ಎತ್ತಿನ ಜತ್ತಗಿ, ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು, ಎಲ್ಲವನ್ನೂ ಮಾಡುತ್ತಿದ್ದರಂತೆ. ಟ್ರ್ಯಾಕ್ಟರು, ಪಂಪುಸೆಟ್ಟು ಬಂದ ಮೇಲೆ ಆ ಕೆಲಸಗಳೆಲ್ಲ ಹೋಗಿ ಚಪ್ಪಲಿಯೊಂದೇ ಉಳಿಯಿತು. ಚಾಕುವಿನ ಒರೆ ಬೇಕೆಂದಾಗ ಕಾಕಾ ಮೊದಲು ಚಾಕು ಕೇಳಿದರು. ಅಳತೆ ಬರೆದ ಚೀಟಿಯನ್ನು ನೋಡಲೂ ಇಲ್ಲ. ಹಿಡಿಕೆಯ ಉಬ್ಬನ್ನು ಬೆರಳಿನಲ್ಲಿ ಸವರಿ, ‘ಇದನ್ನ ಹಿಡೀಬೇಕ್ರಿ ತೊಗಲು, ಅಲಗನ್ನಲ್ಲ’ ಎಂದರು. ಇಡೀ ವಿದ್ಯೆಯ ತಿರುಳು ಆ ಮಾತಿನಲ್ಲಿತ್ತು. ಅಲಗನ್ನು ಬಿಗಿಯಾಗಿ ಹಿಡಿಯುವ ಒರೆ ಅಲಗನ್ನು ಉಜ್ಜುತ್ತದೆ, ಅಲಗು ಒರೆಯನ್ನು ಕೊಯ್ಯುತ್ತದೆ. ಹಿಡಿಕೆಯ ಮೂರನೇ ಒಂದು ಭಾಗವಾದರೂ ಒರೆಯೊಳಗೆ ಇಳಿದು, ಅದರ ಉಬ್ಬು ಬಾಯಿಯನ್ನು ದಾಟಿ ಕೂತರೆ, ಚಾಕು ಅಲ್ಲಾಡುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫಿನ್ಲೆಂಡಿನಿಂದ ತಂದುಕೊಟ್ಟ ಪುಕ್ಕೊ ಎಂಬ ಚಾಕುವನ್ನೂ ನಾನು ಒಯ್ದಿದ್ದೆ. ಅದರ ಒರೆಯೂ ಹೀಗೆಯೇ, ಹಿಡಿಕೆಯ ಬಹುಭಾಗವನ್ನು ನುಂಗಿಕೊಂಡಿರುತ್ತದೆ. ಕಾಕಾ ಅದನ್ನು ಹೊರಳಿಸಿ ನೋಡಿ, ಹೊಲಿಗೆ ಬೆನ್ನ ನಡುವೆ ಬಂದಿರುವುದನ್ನು ತೋರಿಸಿದರು. ಕೆಳಭಾಗವನ್ನು ಅದುಮಿ, ಒಳಗೆ ಮರದ ಚಿಕ್ಕ ಗೂಡಿದೆ ಎಂದು ಕಂಡುಹಿಡಿದರು. ಅಲಗು ಆ ಮರದೊಳಗೆ ಇಳಿಯುತ್ತದೆ, ತೊಗಲನ್ನು ಮುಟ್ಟುವುದೇ ಇಲ್ಲ. ಎಲ್ಲಿಯ ಫಿನ್ಲೆಂಡು, ಎಲ್ಲಿಯ ಅಥಣಿ! ತೊಗಲು ಬಲ್ಲ ಕೈ ಇನ್ನೊಂದು ತೊಗಲು ಬಲ್ಲ ಕೈಯನ್ನು ಗುರುತಿಸಿದ್ದನ್ನು ನೋಡಿ ನನ್ನ ಮನಸ್ಸು ತುಂಬಿತು.

ಕೆಲಸ ಶುರುವಾದದ್ದು ತೊಗಲಿನ ಆಯ್ಕೆಯಿಂದ. ‘ಅಕ್ಕಾರ, ಬೆನ್ನು ಯಾವುದು ಹೊಟ್ಟಿ ಯಾವುದು ನೋಡ್ರಿ ಮೊದಲ. ಹೊಟ್ಟಿ ತೊಗಲ ಹಿಗ್ಗತೈತಿ. ಬೆನ್ನಿಂದು ನಿಲ್ಲತೈತಿ.’ ಹೊಟ್ಟೆಯ ಭಾಗದ ತೊಗಲಿನಲ್ಲಿ ಎಳೆಗಳು ಸಡಿಲ, ಇಂದು ಬಿಗಿಯಾಗಿ ಕೂತ ಒರೆ ನಾಲ್ಕು ತಿಂಗಳಲ್ಲಿ ಜೋಲುತ್ತದೆ. ಬೆನ್ನು ಮತ್ತು ಭುಜದ ಭಾಗದ ತೊಗಲು ದಟ್ಟವಾಗಿರುತ್ತದೆ. ಒರೆಗೆ 3ರಿಂದ 3.5 ಮಿಲಿಮೀಟರ್ ದಪ್ಪ ಸರಿ. ಇನ್ನೂ ತೆಳುವಾದರೆ ಆಕಾರ ನಿಲ್ಲುವುದಿಲ್ಲ, ದಪ್ಪವಾದರೆ ಮಡಚುವಲ್ಲಿ ಬಿರಿಯುತ್ತದೆ.

ನಕ್ಷೆಗೆ ರಟ್ಟಿನಂಥ ದಪ್ಪ ಕಾಗದ ಸಾಕು. ಅದನ್ನು ಮಡಚಿ, ಮಡಿಕೆಗೆ ಚಾಕುವಿನ ಬೆನ್ನು ತಾಗಿಸಿ, ಅಲಗಿನ ಕಡೆ ಗೆರೆ ಎಳೆದು, ಗೆರೆಯಾಚೆ ಅರ್ಧ ಇಂಚಿಗಿಂತ ತುಸು ಹೆಚ್ಚು ಬಿಟ್ಟು ಕತ್ತರಿಸಬೇಕು. ಬೆನ್ನಿನ ದಪ್ಪ, ತೊಗಲಿನ ದಪ್ಪ, ಹೊಲಿಗೆಯ ಜಾಗ ಎಲ್ಲವೂ ಈ ಅಂಚಿನಲ್ಲೇ ಸೇರಬೇಕು. ಕಾಗದವನ್ನು ಚಾಕುವಿಗೆ ಸುತ್ತಿ ಕ್ಲಿಪ್ ಹಾಕಿ ಎಳೆದು ನೋಡಿದರೆ ತಪ್ಪು ಅಲ್ಲೇ ಸಿಗುತ್ತದೆ. ಕಾಗದ ಅಗ್ಗ, ತೊಗಲು ದುಬಾರಿ.

ಹೊಸಬರು ಮರೆಯುವುದು ನಡುವಿನ ಪಟ್ಟಿಯನ್ನು. ಎರಡು ಪದರ ತೊಗಲನ್ನು ನೇರವಾಗಿ ಒಂದಕ್ಕೊಂದು ಹೊಲಿದರೆ ಚಾಕುವಿನ ಹರಿತ ಹೋಗಿ ತಾಗುವುದು ದಾರಕ್ಕೇ. ದಿನವೂ ಹಾಕಿ ತೆಗೆದರೆ ಒಂದು ದಿನ ಹೊಲಿಗೆ ಒಳಗಿನಿಂದಲೇ ಕಡಿದುಹೋಗುತ್ತದೆ. ಸೊಂಟದಲ್ಲಿ ಅಲಗು ಬಾಯಿಬಿಟ್ಟ ಮೇಲೆ ಏನಾಗಬಹುದೆಂದು ವಿವರಿಸಬೇಕಿಲ್ಲ. ಅದಕ್ಕಾಗಿ ಅಲಗಿನ ಕಡೆಯ ಅಂಚಿನುದ್ದಕ್ಕೂ ಬೆರಳಗಲದ ಮೂರನೇ ಪಟ್ಟಿಯನ್ನು ಎರಡು ಪದರಗಳ ನಡುವೆ ಇಡುತ್ತಾರೆ. ಹರಿತ ಈ ಪಟ್ಟಿಗೆ ತಾಗುತ್ತದೆ, ದಾರ ಅದರಾಚೆ ಸುರಕ್ಷಿತ. ಪಟ್ಟಿಯ ದಪ್ಪ ಚಾಕುವಿನ ಬೆನ್ನಿನಷ್ಟಿರಬೇಕು. ಬಾಯಿಯ ಕಡೆಗೆ ಬರುತ್ತ ರಾಪಿ ಎಂಬ ತೊಗಲುಗತ್ತಿಯಿಂದ ಸವರಿ ತೆಳುಮಾಡಬೇಕು. ಕಾಕಾನ ರಾಪಿ ತೊಗಲನ್ನು ಕಾಗದದಷ್ಟು ತೆಳುವಾಗಿ ಎಬ್ಬಿಸುತ್ತಿತ್ತು. ಕೆಲಸ ಮಾಡುವಾಗಲೆಲ್ಲ ನನಗೆ ತೊಗಲಿನ ಕಸುಬಿನ ವಚನಕಾರ ಮಾದಾರ ಚೆನ್ನಯ್ಯ ನೆನಪಾಗುತ್ತಿದ್ದ. ಅವನ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟಗಳಿವೆ. ಕಸುಬಿನ ಹತಾರಗಳನ್ನು ದೇವರ ಹೆಸರಿನ ಜೊತೆಗೆ ಇಟ್ಟ ನಾಡು ಇದು.

ಪದರಗಳನ್ನು ಸಲ್ಯೂಷನ್ ಹಚ್ಚಿ ಅಂಟಿಸಿದ ಮೇಲೆ ಹೊಲಿಗೆ. ಇದನ್ನು ಕಲಿಸಿದವರು ಕಾಕಾನ ಹೆಂಡತಿ, ನಾನು ಕಾಕು ಎನ್ನುತ್ತಿದ್ದವರು. ಚಪ್ಪಲಿಯ ಹೆಣಿಗೆ, ಕುಸುರಿಯ ಕೆಲಸ ಈ ಮನೆಗಳಲ್ಲಿ ಹೆಂಗಸರದು, ಅವರ ಕೈಯ ಸೂಕ್ಷ್ಮ ಬೇರೆಯೇ. ಚಪ್ಪಲಿಯನ್ನು ಅವರು ತೊಗಲಿನ ಸಣ್ಣ ಬಾರಿನಿಂದಲೇ ಹೊಲಿಯುತ್ತಾರೆ, ಮೊಳೆ ಹೊಡೆಯುವುದಿಲ್ಲ. ನನ್ನ ಒರೆಗೆ ಜೇನುಮೇಣ ಸವರಿದ ಗಟ್ಟಿ ನಾರುದಾರ ಬಳಸಿದೆವು. ಕೈವಾರದ ಒಂದು ಮೊನೆಯನ್ನು ಅಂಚಿಗೆ ತಾಗಿಸಿ ಇನ್ನೊಂದರಿಂದ ಗೆರೆ ಕೊರೆದು, ಅದೇ ಕೈವಾರದಿಂದ 4 ಮಿಲಿಮೀಟರಿಗೊಂದರಂತೆ ಚುಕ್ಕೆ ಇಟ್ಟು, ಆರಿಯಿಂದ ತೂತು ಹಾಕಬೇಕು. ಮೂರು ಪದರ ಸೇರಿ ದಪ್ಪ 1 ಸೆಂಟಿಮೀಟರ್ ಆಗಿರುತ್ತದೆ. ಆರಿ ಸ್ವಲ್ಪ ವಾಲಿದರೂ ಹಿಂಬದಿಯಲ್ಲಿ ತೂತುಗಳ ಸಾಲು ಸೊಟ್ಟಗಾಗುತ್ತದೆ. ಮುಂದೆ ನೋಡುತ್ತ ಹಿಂದೆಯೂ ನೇರ ಬರುವಂತೆ ತೂತು ಹಾಕುವುದೇ ಕೈಗೆ ಕಷ್ಟದ ಪಾಠ. ಕಾಕು ನನ್ನ ಮೊಣಕೈಯನ್ನು ಹಿಡಿದು ಮೈಗೆ ಒತ್ತಿ, ‘ಕೈಲೆ ದಬ್ಬಬ್ಯಾಡ್ರಿ ಅಕ್ಕಾರ, ಭುಜದಿಂದ ದಬ್ಬರಿ’ ಎಂದರು. ಅಲ್ಲಿಂದ ಸಾಲು ನೇರವಾಯಿತು.

ದಾರ ಒಂದೇ, ಸೂಜಿ ಎರಡು. ಇಷ್ಟು ದಪ್ಪಕ್ಕೆ ಹೊಲಿಗೆಯ ಉದ್ದದ ಎಂಟು ಪಟ್ಟಾದರೂ ದಾರ ತೆಗೆದುಕೊಂಡು ಎರಡೂ ತುದಿಗೆ ಸೂಜಿ ಪೋಣಿಸಬೇಕು. ಮೊದಲ ತೂತಿನಲ್ಲಿ ದಾರದ ನಡುಭಾಗ ಕೂರುತ್ತದೆ. ಮುಂದಿನ ತೂತಿನಲ್ಲಿ ಎಡಗಡೆಯ ಸೂಜಿ ಬಲಕ್ಕೆ, ಬಲಗಡೆಯದು ಎಡಕ್ಕೆ. ಎರಡನ್ನೂ ಒಟ್ಟಿಗೆ ಒಂದೇ ಬಿಗಿಯಲ್ಲಿ ಎಳೆಯಬೇಕು. ಪ್ರತಿ ತೂತಿನಲ್ಲೂ ಒಂದೇ ಕಡೆಯ ಸೂಜಿ ಮೊದಲು ಹೋಗಬೇಕು, ಇಲ್ಲದಿದ್ದರೆ ಹೊಲಿಗೆಯ ಓರೆ ಕೆಡುತ್ತದೆ. ಕುದುರೆಯ ಜೀನು ಹೊಲಿಯುವ ವಿಧಾನ ಇದು. ಹೊಲಿಗೆ ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ತೊಗಲಿನ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಂದು ಸವೆದು ಹರಿದರೆ ಇನ್ನೊಂದು ಬಿಚ್ಚುತ್ತ ಹೋಗುತ್ತದೆ. ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಕಡೆ ಹರಿದರೂ ಇನ್ನೊಂದು ಕಡೆಯ ದಾರ ಆ ತೂತಿನಲ್ಲಿ ನಿಂತೇ ಇರುತ್ತದೆ. ಕೊನೆಯಲ್ಲಿ ಗಂಟಿಲ್ಲ. ಎರಡು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿದರೆ ಮೇಣವೇ ಹಿಡಿದುಕೊಳ್ಳುತ್ತದೆ. ನಿಧಾನದ ಕೆಲಸ, ಒಪ್ಪುತ್ತೇನೆ. ಆದರೆ ಮೈಗೆ ತಾಗಿ ಹರಿತದ ಕಬ್ಬಿಣ ಒಯ್ಯುವವರಿಗೆ ಈ ಹೊಲಿಗೆಗಿಂತ ಕಡಿಮೆಯದನ್ನು ನಾನು ಹೇಳಲಾರೆ.

ಇನ್ನು ನೆನೆಸಿ ಕೂರಿಸುವುದು. ಗಿಡದ ರಸದಲ್ಲಿ ಹದಗೊಂಡ ತೊಗಲಿನ ದೊಡ್ಡ ಗುಣ ಇದರಲ್ಲಿದೆ. ಹೊಲಿದ ಒರೆಯನ್ನು ತಣ್ಣೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತಾಗ ಹೊರತೆಗೆದು, ಮೇಲ್ಮೈಯ ಕಪ್ಪು ತಿಳಿಯಾಗುತ್ತ ಬರುವವರೆಗೆ ಬಿಡಬೇಕು. ಆಗ ತೊಗಲು ಕಣಕದ ಹಾಗೆ ಬೆರಳು ಒತ್ತಿದಲ್ಲಿ ನಿಲ್ಲುತ್ತದೆ. ಚಾಕುವಿಗೆ ಎಣ್ಣೆ ಸವರಿ, ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ಒಳಗಿಳಿಸಿ, ಹೆಬ್ಬೆರಳಿನಿಂದ ಹಿಡಿಕೆಯ ಉಬ್ಬಿನ ಸುತ್ತ ತೀಡುತ್ತ ಬರಬೇಕು. ಪ್ಲಾಸ್ಟಿಕ್ ಯಾಕೆಂದರೆ, ಒದ್ದೆ ತೊಗಲಿಗೆ ಕಬ್ಬಿಣ ತಾಗಿದರೆ ಎರಡೂ ಕೆಡುತ್ತವೆ. ಅಲಗಿಗೆ ತುಕ್ಕು ಬರುತ್ತದೆ, ತೊಗಲಿನ ಮೇಲೆ ನೀಲಿಗಪ್ಪು ಕಲೆ ಏಳುತ್ತದೆ. ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಹುಟ್ಟುವ ಬಣ್ಣ ಅದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದದ್ದು ಇದೇ ರಸಾಯನದಿಂದ. ಕಡತದ ಮೇಲೆ ಬೇಕಾದದ್ದು ಒರೆಯ ಮೇಲೆ ಬೇಡ.

ಒಣಗಿಸುವಾಗ ಆತುರ ಬೇಡ. ‘ಬಿಸಲಿಗೆ ಇಟ್ರ ಸುಕ್ಕ ಆಗತೈತ್ರಿ, ನೆರಳಾಗ ಆರಲಿ.’ ಹೇರ್ ಡ್ರೈಯರ್, ಒಲೆಯ ಬದಿ, ಬಿಸಿನೀರು ಯಾವುದೂ ಕೂಡದು. ಒದ್ದೆ ತೊಗಲಿಗೆ ಬಿಸಿ ತಾಗಿದರೆ ಎಳೆಗಳು ಮುದುಡಿ, ಒಣಗಿದ ಮೇಲೆ ತೊಗಲು ಮರದ ಚಕ್ಕೆಯಂತಾಗಿ ಮುರಿಯುತ್ತದೆ. ಪೂರ್ತಿ ಆರಿದ ಮೇಲೆ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಸ್ವಲ್ಪ ನೀರು ತಾಗಿಸಿ, ಒರಟು ಬಟ್ಟೆಯಿಂದ ಜೋರಾಗಿ ತಿಕ್ಕಿದರೆ ಮೂರು ಪದರ ಒಂದಾಗಿ ಹೊಳೆಯುತ್ತದೆ. ತುದಿಯಲ್ಲಿ ನೀರು ಬಸಿಯಲು ಸಣ್ಣ ತೂತು ಇರಲಿ. ಕೊನೆಗೆ ಒಂದು ತೆಳು ಕೈ ಎಣ್ಣೆ, ಅದರ ಮೇಲೆ ಜೇನುಮೇಣ. ಕಾಕಾ ಹರಳೆಣ್ಣೆ ಹಚ್ಚುತ್ತಾರೆ. ಚಪ್ಪಲಿಗೆ ಎಣ್ಣೆ ಎಷ್ಟಾದರೂ ಕುಡಿಸಬಹುದು, ಅದು ಮೆತ್ತಗಾದಷ್ಟೂ ಕಾಲಿಗೆ ಹಿತ. ಒರೆಗೆ ಹಾಗಲ್ಲ. ಎಣ್ಣೆ ಹೆಚ್ಚಾದರೆ ತೊಗಲು ಸಡಿಲವಾಗಿ, ಕಷ್ಟಪಟ್ಟು ಕೂರಿಸಿದ ಹಿಡಿತವೇ ಹೋಗುತ್ತದೆ.

ಬೆಲ್ಟಿಗೆ ಸಿಕ್ಕಿಸುವ ಕುಣಿಕೆಯ ಎತ್ತರವನ್ನು ತೊಡುವವರ ಮೈನೋಡಿ ನಿರ್ಧರಿಸಬೇಕು. ಕೂತು ಕೆಲಸ ಮಾಡುವವರಿಗೆ ಒರೆ ಕೆಳಗೆ ಜೋತಾಡಿದರೆ ಅನುಕೂಲ, ಬೆಟ್ಟ ಹತ್ತುವವರಿಗೆ ಸೊಂಟಕ್ಕೆ ಅಂಟಿಕೊಂಡಿರಬೇಕು. ಚಾಕು ಹಾಕುವಾಗ, ತೆಗೆಯುವಾಗ ಒರೆಯನ್ನು ಹರಿತದ ಕಡೆಯಿಂದ ಬೆರಳು ಸುತ್ತಿ ಹಿಡಿಯಬಾರದು. ಮಕ್ಕಳಿಗೆ ಮೊದಲು ಇದನ್ನೇ ಹೇಳಿಕೊಡಿ. ಒರೆ ಇರುವುದು ಒಯ್ಯಲು, ಕಾಪಿಡಲು ಅಲ್ಲ. ಮನೆಗೆ ಬಂದ ಮೇಲೆ ಚಾಕುವನ್ನು ಒರೆಸಿ ಎಣ್ಣೆ ಸವರಿ ಹೊರಗಿಡಬೇಕು. ತೊಗಲು ಗಾಳಿಯ ತೇವವನ್ನು ಹೀರುತ್ತದೆ, ಒಳಗೇ ಬಿಟ್ಟ ಉಕ್ಕಿಗೆ ಒಂದು ಮಳೆಗಾಲ ಸಾಕು. ಮಲೆನಾಡಿನವರು ಕೊಕ್ಕೆಯನ್ನು ಬಿಡದಿರುವುದೇ ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ. ಇನ್ನೊಂದು ಮಾತು: ಮನೆ, ಹೊಲ, ಕೈಗಾರಿಕೆಯ ಬಳಕೆಗಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಆಯುಧಗಳು ಶಸ್ತ್ರಾಸ್ತ್ರ ನಿಯಮಗಳ ಅಡಿಯಲ್ಲಿ ಬರುತ್ತವೆ. ಕಾಡಿನ ಕೆಲಸಕ್ಕೆ ಅಷ್ಟು ದೊಡ್ಡದು ಬೇಕಾಗುವುದೂ ಇಲ್ಲ.

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅರ್ಜಿಯಲ್ಲಿ ನಮ್ಮ ರಾಜ್ಯದ ಚರ್ಮ ಕೈಗಾರಿಕೆಗಳ ನಿಗಮವಾದ ಲಿಡ್ಕರ್ ಕೂಡ ಪಾಲುದಾರ. ಆದರೆ ಚಪ್ಪಲಿಯೊಂದನ್ನೇ ನಂಬಿ ಮನೆಯ ಮಕ್ಕಳು ಕಸುಬಿನಲ್ಲಿ ಉಳಿಯುವುದು ಕಷ್ಟ. ತೊಗಟೆಯಲ್ಲಿ ತೊಗಲು ಹದ ಮಾಡುವ ಮನೆಗಳೂ ಕಡಿಮೆಯಾಗುತ್ತಿವೆ. ಜತ್ತಗಿ, ಮಿಣಿ, ಕಪಿಲೆ ಹೋದ ಜಾಗದಲ್ಲಿ ಒರೆ, ಹತಾರದ ಚೀಲ, ಬೆಲ್ಟುಗಳಂಥ ಹೊಸ ಕೆಲಸ ಬರಬೇಕು. ವಿದ್ಯೆ ಅವರ ಕೈಯಲ್ಲಿದೆ, ಗಿರಾಕಿ ಬೇಕಾಗಿದ್ದಾರೆ.

ಕಂಬಾರರ ಬಳಿ ಚಾಕು ಮಾಡಿಸಿಕೊಂಡವರು ಅದನ್ನು ಒಂದು ಸಲ ತೊಗಲಿನ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ. ಅಳತೆ ಬರೆದು ಕಳಿಸಬೇಡಿ, ಚಾಕುವನ್ನೇ ಕೊಡಿ. ಮರದ ರಸದಲ್ಲಿ ಹದಗೊಂಡ ತೊಗಲೇ ಬೇಕೆಂದು ಕೇಳಿ. ಕತ್ತರಿಸಿದ ಅಂಚು ಒಳಗೂ ಹೊರಗೂ ಕಂದಾಗಿದ್ದು, ನೀರಿನ ಹನಿ ಬಿದ್ದಲ್ಲಿ ಕಪ್ಪಾದರೆ ಅದು ಸಾಮಾನ್ಯವಾಗಿ ಅಂಥ ತೊಗಲು. ನಡುವೆ ನೀಲಿ ಛಾಯೆ ಕಂಡರೆ ಅದು ಕ್ರೋಮ್. ನಡುವಿನ ಪಟ್ಟಿ, ಎರಡು ಸೂಜಿಯ ಹೊಲಿಗೆ, ಇವೆರಡನ್ನು ಬಿಟ್ಟುಕೊಡಬೇಡಿ. ಒಂದು ಒರೆಗೆ ಅವರ ಎರಡು ದಿನದ ದುಡಿಮೆ ಹೋಗುತ್ತದೆ, ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿ.